ಚೆಂಡಿಲ್ಲದ ಕಡೆ

ಅತ್ತೆಯ ಎಡಗಾಲಿಗೆ ಬೂಟು ತೊಡಿಸಿ ಬಲಗಾಲಿಗೆ ಕೈ ಹಾಕುವಷ್ಟರಲ್ಲಿ ಆಕೆ ಎದ್ದು ಬಾಗಿಲ ಕಡೆ ಹೊರಟೇಬಿಟ್ಟಿದ್ದರು. ದರ್ಜಿ ಇನ್ನೊಂದು ಬೂಟು ಹಿಡಿದುಕೊಂಡು ಹಿಂದೆಯೇ ಓಡಿದ.

"ಅವಳು ಸ್ಕೂಲಿಂದ ಇನ್ನೂ ಬಂದಿಲ್ಲ ಕಣಪ್ಪ. ನೋಡ್ಕೊಂಡು ಬರ್ತೀನಿ."

"ಎಲ್ಲರೂ ಒಟ್ಟಿಗೆ ಹೋಗೋಣ ಅತ್ತೆ. ಕೂತ್ಕೊಳ್ಳಿ."

ಅವಳೆಂದರೆ ಅತ್ತೆಯ ಹಿರಿಮಗಳು, ದರ್ಜಿಯ ಹೆಂಡತಿ, ಇಪ್ಪತ್ತೆಂಟು ವರ್ಷ ಶಾಲೆಯ ಹುಡುಗಿಯರಿಗೆ ಬಾಸ್ಕೆಟ್‌ಬಾಲ್ ಕಲಿಸಿದ ಟೀಚರ್. ಮೊನ್ನೆ ಮಧ್ಯಾಹ್ನ ಊಟ ಮಾಡಿ ಅಡ್ಡಾದವಳು ಏಳಲಿಲ್ಲ. ಇವತ್ತು ಮಣ್ಣು.

"ಅಮ್ಮನ್ನ ರೂಮಲ್ಲಿ ಬಿಟ್ಟು ಚಿಲಕ ಹಾಕಿ ಭಾವ," ಎಂದಳು ನಾದಿನಿ. "ಸ್ಮಶಾನದ ಪಕ್ಕದಲ್ಲೇ ರಸ್ತೆ."

"ಹೆತ್ತೋರು ಕಣಮ್ಮ. ಬರ್ಲಿ."

"ಹಾಗಾದ್ರೆ ನೀವು ಅಕ್ಕನ ಮುಖ ನೋಡ್ತೀರೋ, ಇವರ ಹಿಂದೆ ಓಡ್ತೀರೋ?"

ಅವನ ಸಂಕಟವೂ ಅದೇ. ಅತ್ತೆಗೆ ಮರೆವು ಹಿಡಿದು ನಾಲ್ಕು ವರ್ಷ. ಅಂದಿನಿಂದ ಗಂಡಹೆಂಡಿರು ಮುಖ ಕೊಟ್ಟು ಮಾತಾಡಿದ್ದೇ ಅಪರೂಪ. ಎಂಥ ಮಾತಿನ ನಡುವೆಯೂ ಒಬ್ಬರ ಕಣ್ಣು ಬಾಗಿಲ ಮೇಲಿರುತ್ತಿತ್ತು. ಇವತ್ತಾದರೂ ಅವಳನ್ನು ಕಣ್ತುಂಬ ನೋಡಬೇಕು. ಹತ್ತು ನಿಮಿಷ ಸಾಕಿತ್ತು.

* * *

ಮದುವೆಯಾದ ಹೊಸತರಲ್ಲಿ ಅವಳ ಆಟ ನೋಡೋಣವೆಂದು ದರ್ಜಿ ಒಮ್ಮೆ ಶಾಲೆಯ ಅಂಗಣಕ್ಕೆ ಹೋಗಿದ್ದ. ಅವಳು ಸೀಟಿ ಊದಿ ಒಬ್ಬ ಹುಡುಗಿಯನ್ನು ನಿಲ್ಲಿಸಿದಳು.

"ನೀನು ಕಾಯ್ಬೇಕಾದ ಹುಡುಗಿ ಎಲ್ಲಿ?"

ಹುಡುಗಿ ಪೆಚ್ಚಾಗಿ ಆಚೀಚೆ ನೋಡಿದಳು. ಅವಳ ಎದುರಾಳಿ ಆಗಲೇ ಬುಟ್ಟಿಯ ಕೆಳಗಿದ್ದಳು.

"ಬರೀ ಚೆಂಡು ನೋಡೋಕೆ ನನ್ನ ಗಂಡನಿಗೂ ಬರುತ್ತೆ. ಓರೆಯಾಗಿ ನಿಂತ್ಕೋ. ಚೆಂಡೂ ಕಾಣ್ಬೇಕು, ಅವಳೂ ಕಾಣ್ಬೇಕು. ಅವಳು ನುಗ್ಗೋ ದಾರೀಲಿ ನೀನು ಮೊದಲೇ ನಿಂತಿರ್ಬೇಕು. ಕೈ ಹಾಕಿ ಹಿಡಿದ್ರೆ ಫೌಲು."

ಹುಡುಗಿಯರೆಲ್ಲ ದರ್ಜಿಯನ್ನು ನೋಡಿ ಕಿಸಕ್ಕನೆ ನಕ್ಕರು.

ಮನೆಗೆ ಬರುವಾಗ ಅವನು ಕೇಳಿದ, "ಇಷ್ಟೆಲ್ಲ ಮಾಡಿದ್ದು ನೋಡೋರಿಗೆ ಗೊತ್ತಾಗುತ್ತಾ?"

"ಇಲ್ಲ. ನಿಮ್ಮ ಒಳಹೊಲಿಗೆ ಯಾರಿಗೆ ಕಾಣುತ್ತೆ, ಹೇಳಿ?"

ಅವತ್ತು ಅವನಿಗೆ ಅವಳ ಮೇಲೆ ಇನ್ನೊಂದು ಸಲ ಮನಸ್ಸಾಯಿತು.

* * *

ಸ್ಮಶಾನದಲ್ಲಿ ಅವಳ ಹಳೆಯ ಆಟಗಾರ್ತಿಯರು ಆರೇಳು ಜನ ಬಂದಿದ್ದರು. ಒಬ್ಬಳು ಬಸ್ ಡ್ರೈವರ್, ಸಮವಸ್ತ್ರದಲ್ಲೇ ಇದ್ದಳು, ಇನ್ನೊಬ್ಬಳು ನರ್ಸ್. ಎಲ್ಲರೂ ತೆರೆದಿಟ್ಟ ಶವಪೆಟ್ಟಿಗೆಗೆ ಅರೆಬೆನ್ನು ಹಾಕಿ, ಅಲ್ಲಲ್ಲಿ ಚದುರಿ ನಿಂತಿದ್ದರು.

"ನೆಟ್ಟಗೆ ನಿಂತ್ಕೊಳ್ಳೋಕೂ ಬರಲ್ವಾ ಇವಕ್ಕೆ?" ನಾದಿನಿ ಗೊಣಗಿದಳು. ದರ್ಜಿಗೂ ಪಿಚ್ಚೆನಿಸಿತು. ಅಷ್ಟು ವರ್ಷ ಇವರಿಗಾಗಿ ಗಂಟಲು ಹರಿದುಕೊಂಡಳಲ್ಲ, ಒಂದು ಗಳಿಗೆ ಅವಳ ಕಡೆ ತಿರುಗಿ ನಿಂತರೆ ಏನು ಗಂಟು ಹೋಗುತ್ತಿತ್ತು?

ಅವನು ಪೆಟ್ಟಿಗೆಯ ಬಳಿ ಬಂದು ಬಗ್ಗಿದ. ರೂಢಿಯ ಪ್ರಕಾರ ಕತ್ತು ತಾನಾಗಿ ಹಿಂದೆ ತಿರುಗಿತು. ಅತ್ತೆಯನ್ನು ಕೂರಿಸಿದ್ದ ಕುರ್ಚಿ ಖಾಲಿ.

ಅತ್ತೆ ಗೇಟಿನತ್ತ ನಡೆಯುತ್ತಿದ್ದರು. ಬಸ್ ಡ್ರೈವರ್ ಅವರನ್ನು ಮುಟ್ಟಲಿಲ್ಲ, ಕರೆಯಲೂ ಇಲ್ಲ. ಎರಡು ಹೆಜ್ಜೆ ಸರಿದು ದಾರಿಯಲ್ಲಿ ನಿಂತಳು. ಅವಳು ಬಿಟ್ಟ ಜಾಗಕ್ಕೆ ನರ್ಸ್ ಸರಿದಳು, ನರ್ಸಿನ ಜಾಗಕ್ಕೆ ಮತ್ತೊಬ್ಬಳು. ಅತ್ತೆ ಎಡಕ್ಕೆ ಹೊರಳಿದರೆ ಅಲ್ಲೂ ಒಬ್ಬಳು. ತಮ್ಮನ್ನು ತಡೆದರೆಂಬುದೇ ತಿಳಿಯದೆ ಆಕೆ ಹಾಯಾಗಿ ಒಂದು ಸುತ್ತು ಹಾಕಿ ಬಂದು ಕುರ್ಚಿಯಲ್ಲಿ ಕೂತರು. ಅಷ್ಟು ಹೊತ್ತೂ ಆ ಹೆಣ್ಣುಮಕ್ಕಳ ಅರ್ಧ ದೃಷ್ಟಿ ಪೆಟ್ಟಿಗೆಯ ಮೇಲೇ ಇತ್ತು.

"ಅಜ್ಜಿ ನಮಗಿರ್ಲಿ ಸಾರ್," ಬಸ್ ಡ್ರೈವರ್ ತಗ್ಗಿದ ದನಿಯಲ್ಲಿ ಹೇಳಿದಳು. "ನೀವು ಟೀಚರನ್ನ ನೋಡಿ."

ದರ್ಜಿ ಹೆಂಡತಿಯ ಕಡೆ ತಿರುಗಿದ. ಹುಬ್ಬಿನ ನಡುವೆ ಸದಾ ಇರುತ್ತಿದ್ದ ಗೆರೆ ಹೋಗಿತ್ತು. ಕಿವಿಯ ಹಿಂದಿನ ಕೂದಲು ಪೂರಾ ಬೆಳ್ಳಗಾಗಿದ್ದನ್ನು ಅವನು ನೋಡಿಯೇ ಇರಲಿಲ್ಲ. ಅದನ್ನು ಬೆರಳಿನಿಂದ ಮೆಲ್ಲಗೆ ಓರಣ ಮಾಡತೊಡಗಿದ. ಹಿಂದೆ ಕುರ್ಚಿ ಮತ್ತೆ ಕಿರ್ರೆಂದಿತು, ಬೂಟಿನ ಸಪ್ಪಳ ದೂರವಾಯಿತು.

"ಮುಚ್ಚೋಣ್ವಾ?" ಯಾರೋ ಕೇಳಿದರು.

"ಇನ್ನೂ ಸ್ವಲ್ಪ ಹೊತ್ತು," ಎಂದ ಅವನು, ತಲೆ ತಿರುಗಿಸದೆ.