ಚಂದ್ರುವಿನ ಜೀವಕೋಶ

“ಜೀವ ಐತೆ ಅಂದ್ರೆ, ನಮ್ ಚಂದ್ರುದೇನಾ?”

ಶುಂಠಿಯ ಮಣ್ಣು ಬಿಡಿಸುತ್ತಿದ್ದ ಕಾಮಾಕ್ಷಮ್ಮನ ಕೈ ನಿಂತಿತು. ಬೆಂಗಳೂರಿನ ಆಸ್ಪತ್ರೆಯಿಂದ ಬಂದಿದ್ದ ಅನುಶ್ರೀ ಕಾಗದ ಹಿಡಿದು ಜಗಲಿಯ ಮೇಲೆ ಕುಳಿತಿದ್ದಳು. ಕುಶಾಲನಗರದಿಂದ ಹತ್ತಿ ಬಂದ ಆಟೋ ಹೊರಗೆ ಕಾಯುತ್ತಿತ್ತು. ಕಾಮಾಕ್ಷಮ್ಮನ ಮಗ ಚಂದ್ರು ನಾಲೆಯಲ್ಲಿ ಹೆಣವಾಗಿ ಸಿಕ್ಕಿ ಐದು ತಿಂಗಳಾಗಿತ್ತು.

“ಹೌದಮ್ಮ. ಮೂರು ವರ್ಷದ ಹಿಂದೆ ಅವರ ರಕ್ತ ತಗೊಂಡಿದ್ವಲ್ಲ, ಅದರಿಂದ ಮೆದುಳಿನ ಜೀವಕೋಶ ಬೆಳೆಸಿದ್ದಾರೆ. ಗಾಜಿನ ತಟ್ಟೇಲಿ. ಇಟ್ಕೊಳ್ಳೋದೋ, ನಾಶ ಮಾಡೋದೋ ಅಂತ ಈಗ ಮನೆಯವರು ಬರೆದುಕೊಡಬೇಕು.”

ಪೈಪಿನೊಳಗಿಂದ ಯಾರೋ ಬೈಯುತ್ತಾರೆಂದು ಚಂದ್ರು ನೀರು ಕುಡಿಯುವುದನ್ನೇ ಬಿಟ್ಟಿದ್ದ. ಅದು ಮನಸ್ಸಿನ ಕಾಯಿಲೆಯೆಂದು ತಿಳಿಯುವುದಕ್ಕೆ ಮುಂಚೆ, ಕೆಲಸ ತಪ್ಪಿಸಲು ಹೂಡಿದ ಸೋಗು ಎಂದುಕೊಂಡು ಕಾಮಾಕ್ಷಮ್ಮ ಅವನಿಗೆ ಸೌದೆ ಹಿಡಿದು ಬಾರಿಸಿದ್ದಳು.

“ಆ ಕಾಯ್ಲೆ ಅದ್ರಲ್ಲೂ ಐತಾ?”

ಅನುಶ್ರೀ ತಡವರಿಸಿದಳು. “ಇದೆ. ಅವು ಕವಲು ಒಡೆಯೋದು ಕಡಿಮೆ, ಒಂದಕ್ಕೊಂದು ಸರಿಯಾಗಿ ಕೂಡ್ತಿಲ್ಲ. ಹುಟ್ಟೋಕ್ ಮುಂಚೇನೇ ಹಾಗಾಗಿರಬಹುದು ಅಂತಾರೆ ಡಾಕ್ಟ್ರು.”

ಹುಟ್ಟುವುದಕ್ಕೆ ಮುಂಚೆಯೇ. ಬೆನ್ನ ಮೇಲೆ ಬಾಸುಂಡೆ ಏಳುವಾಗಲೂ ಅವನು ತಪ್ಪಿಸಿಕೊಂಡು ಓಡಿರಲಿಲ್ಲ.

“ಸತ್ತಾದ್ರೂ ಸುಖವಾಗವ್ನೆ ಅಂದ್ಕಂಡಿದ್ದೆ. ನಾಶ ಮಾಡ್ಬುಡಿ ತಾಯಿ. ಅಲ್ಲೂ ಯಾಕೆ ಆ ಪಾಡು.”

“ಅವಕ್ಕೆ ನೋವಾಗಲ್ಲಮ್ಮ.”

“ಇವ್ನೂ ನೋವು ಅಂತ ಒಂದಿನಾನೂ ಹೇಳ್ಲಿಲ್ಲ.”

ಬಾಣಂತನಕ್ಕೆಂದು ಬಂದಿದ್ದ ಮಗಳು ದಿವ್ಯಶ್ರೀ ಬಾಗಿಲಿಗೆ ಬಂದಳು. ಅವಳಿಗೆ ಎಂಟು ತಿಂಗಳು, ಚೊಚ್ಚಲು. “ಇರ್ಲಿ ಬುಡವ್ವ,” ಅಂದಳು. “ಅವ್ರು ನೋಡ್ಲಿ. ನಾಳೆ ನನ್ ಮಗೀಗೂ ಹಂಗೇ ಆದ್ರೆ ಯಾರನ್ ಕೇಳಾನ?”

ಕಾಮಾಕ್ಷಮ್ಮ ಮಗಳ ಹೊಟ್ಟೆಯತ್ತ ನೋಡಿದಳು. ಆಮೇಲೆ ಅನುಶ್ರೀಯತ್ತ ತಿರುಗಿ ಕೇಳಿದಳು. “ಅದ್ಕೆ ಊಟಗೀಟ ಏನು?”

“ಒಂಥರಾ ಕೆಂಪು ನೀರು. ಎರಡು ದಿನಕ್ಕೊಮ್ಮೆ ಬದಲಾಯಿಸ್ತಾರೆ.”

“ಭಾನ್ವಾರ ಬಂದ್ರೆ?”

“ಭಾನುವಾರಾನೂ ಒಬ್ರು ಬಂದು ಹಾಕಿ ಹೋಗ್ತಾರಮ್ಮ.”

ಕಾಮಾಕ್ಷಮ್ಮ ಸೆರಗಿಗೆ ಕೈ ಒರೆಸಿಕೊಂಡು ಪೆನ್ನು ಈಸಿಕೊಂಡಳು. ಇಟ್ಟುಕೊಳ್ಳಬಹುದು ಎಂದಿದ್ದ ಕಡೆ ಅನುಶ್ರೀ ಬೆರಳಿಟ್ಟು ತೋರಿಸಿದಳು. ಹೆಸರು ಬರೆದು ಮುಗಿಸಲು ಬಹಳ ಹೊತ್ತು ಹಿಡಿಯಿತು.

ಆಟೋದ ಸದ್ದು ಅಡಗಿದ ಮೇಲೆ ದಿವ್ಯಶ್ರೀ ಮೆಟ್ಟಿಲ ಮೇಲೆ ಕುಸಿದು ಕುಳಿತಳು. ಅವಳ ಪಾದಗಳು ಬಾತುಕೊಂಡಿದ್ದವು. ಕಾಮಾಕ್ಷಮ್ಮ ಒಳಗಿನಿಂದ ಮಣೆಯೊಂದನ್ನು ತಂದು ಅವುಗಳ ಕೆಳಗಿಟ್ಟಳು. ಮಗಳ ಮುಖ ನೋಡದೆ ಮತ್ತೆ ಒಳಗೆ ಹೋದಳು.