ಭೂರಾ ನಿಂತ ಹೊಸ್ತಿಲು

ಹಗ್ಗ ಸಡಿಲಾಯಿತಲ್ಲ, ಯಾಕೆ ಸಡಿಲಾಯಿತು, ಪಂಡರಿಯ ಕೈ ಬೆವರಿದೆಯೋ ಏನೋ — ಹಿಂದಿನಿಂದ ಬರುತ್ತಿದ್ದ ಕುಲ್ಸುಮ್ ಬೀ ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು, ಮಾತಾಡಬಾರದು, ಕೆಮ್ಮಲೂಬಾರದು, ಮಿಲಿಟರಿಯಿಂದ ಬಂದ ಗೌಸ ಹೇಳಿಲ್ಲವೇ, ಆಪಾ, ನಿಮ್ಮ ದನಿ ಕೇಳಿದ್ರ ನಾಯಿ ತಿರುಗಿ ನಿಮ್ಮ ಕಡೀನೇ ಬರ್ತದ, ಕಣ್ಣಿಲ್ಲದವರ ಹೆಜ್ಜಿ ಮುಂದ ಹೋಗಿಬಿಟ್ಟಿರ್ತದ ನೋಡ್ರಿ. ಅದಕ್ಕೇ ಈ ಸೆರಗು, ಮುಂದೆ ಅವಳು ಸಾಕಿದ ನಾಯಿ ಭೂರಾ, ಅದರ ಕೊರಳ ಹಗ್ಗ ಹಿಡಿದು ಪಂಡರಿ, ಕುರಿಹಟ್ಟಿಯಿಂದ ಅವನ ಮನೆಗೆ ದುಬಲಗುಂಡಿಯ ಇದೊಂದು ದಾರಿ, ಇಷ್ಟನ್ನು ದಾಟಿಸಿದರೆ ಭೂರಾ ಪಂಡರಿಯದು, ಇಲ್ಲದಿದ್ದರೆ ಪಂಡರಿಯ ಕುರಿಗಳು ಹುಮನಾಬಾದ್ ಸಂತೆಗೆ — ಅವನ ಹೆಂಡತಿ ಧೂಳಮ್ಮ ಬೆಳಿಗ್ಗೆಯೇ ಕಡ್ಡಿ ಮುರಿದ ಹಾಗೆ ಅಂದುಬಿಟ್ಟಳು, ಹ್ವಾದ ತಿಂಗಳ ಬಾವ್ಯಾಗ ಬಿದ್ದವನ್ನ ಹಗ್ಗಾ ಹಾಕಿ ಎಳಸೀನ್ರಿ ಆಪಾ, ಇನ್ನೊಮ್ಮೆ ನನ್ನ ಕೈಲಾಗೂದಿಲ್ಲ, ಕುರಿ ಮಾರಿ ಮೂಲ್ಯಾಗ ಕೂಡ್ರಸ್ತೀನಿ. ಮೂಲೆಯಲ್ಲಿ! ಪಂಡರಿಯನ್ನ! ಸಿಡುಬು ಅವನ ಕಣ್ಣು ತಿಂದಿತು, ಕಾಲು ತಿಂದಿಲ್ಲವಲ್ಲ.

ಆ ಕಾಲುಗಳೇ ಅಲ್ಲವೇ, ಆಚೆ ವರ್ಷ ನಿಜಾಮನ ಸರ್ಕಾರ ಬಿದ್ದ ಗದ್ದಲದಲ್ಲಿ, ಬಳೆ ಮಾರಲು ಗಂಡನ ಜೊತೆ ಈ ಊರಿಗೆ ಬಂದಿದ್ದ ಇವಳನ್ನು ಹಟ್ಟಿಗೆ ನಡೆಸಿದ್ದು, ಕುರಿಗಳ ನಡುವೆ ಕೂಡಿಸಿ ಮೇಲೆ ಕಂಬಳಿ ಎಳೆದು, ಉಸಿರು ಬಿಡಬ್ಯಾಡ್ರಿ ಅಕ್ಕಾ, ಕುರಿ ಆಗ್ರಿ, ಕುರಿ — ಹೊರಗೆ ಇವಳಂಥವರನ್ನು ಹುಡುಕಿ ಬಂದವರ ದನಿಗಳು, ಅವನು ಬಾಗಿಲಿಗೆ ಅಡ್ಡ ನಿಂತದ್ದು, ಹುಮನಾಬಾದ್ ದಾರಿ ಹಿಡಿದಿದ್ದ ಗಂಡ ಅಬ್ದುಲ್ ಕರೀಂ ಬರಲೇ ಇಲ್ಲ, ಇವತ್ತಿಗೂ ಬಂದಿಲ್ಲ. ವಿಲಾಯತಿಯೊಳಗ ಕಣ್ಣು ಹೋದ ಸಿಪಾಯಿಗಳನ್ನ ನಾಯಿ ಕರಕೊಂಡು ಅಡ್ಯಾಡ್ತಾವ, ಮರಿ ಇದ್ದಾಗಿಂದ ಯಾರರ ಮನಿಯೊಳಗ ಕಲಿಸಬೇಕು ಅಂತ ಗೌಸ ಅಂದಾಗ, ನಾ ಸಾಕ್ತೀನಿ ಎಂದಳು, ಅಂದ ಮೇಲೆ ತನಗೇ ಗಾಬರಿ. ಕಲ್ಯಾಣದ ಮನೆಯಲ್ಲಿ ಅತ್ತೆ ಬಿಸ್ಮಿಲ್ಲಾ ಬೀ ಜಪಮಣಿಯ ತಸ್ಬೀ ಕೆಳಗಿಟ್ಟು ಕೂಗಾಡಿದ್ದೇ ಕೂಗಾಡಿದ್ದು, ನಾಯಿ ಇದ್ದ ಮನಿಗೆ ಫರಿಷ್ತೆ ಬರೂದಿಲ್ಲ, ಅಲ್ಲಾನ ದೂತರು ಬರೂದಿಲ್ಲ, ಗೊತ್ತದನ ನಿನಗ? ಗೊತ್ತದ ಅಮ್ಮಾ, ನಾ ಕಂಡ ಫರಿಷ್ತೆ ಕಂಬಳಿ ಹೊತ್ತಿದ್ದ, ಮೈಯೆಲ್ಲ ಕುರಿ ವಾಸನಿ. ಮುದುಕಿ ತಸ್ಬೀ ಮತ್ತೆ ಕೈಗೆತ್ತಿಕೊಂಡಳು, ಆದರೂ ಕಟ್ಟಪ್ಪಣೆ ಬಿಡಲಿಲ್ಲ, ಅಂಗಳದಾಗ ಇರ್ಲಿ, ಹೊಸ್ತಿಲಾ ದಾಟಬಾರದು. ಮಣ್ಣಿನ ಬೋಗುಣಿ ಅಂಗಳದಲ್ಲಿ, ಗೋಣಿತಟ್ಟು ಅಂಗಳದಲ್ಲಿ, ಮರಿ ಹೊಸ್ತಿಲಿಗೆ ಬಂತೆಂದರೆ ರುಕ್, ಚಳಿಗೆ ಕುಂಯ್‌ಗುಡುತ್ತಾ ಬಂದರೂ ರುಕ್, ಇವಳ ಕರುಳು ಕಿತ್ತು ಬಂದರೂ ರುಕ್, ಕೊನೆಗೆ ಹೇಳದೆಯೇ ನಿಲ್ಲತೊಡಗಿತು, ಮುಂಗಾಲೆರಡನ್ನೂ ಕಲ್ಲಿನ ಅಂಚಿಗೆ ಒತ್ತಿ, ಒಂದು ಕೆಂಚು, ಒಂದು ಬಿಳಿ. ಮನೆಯ ಹೊಸ್ತಿಲು, ಚರಂಡಿಯ ಅಂಚು, ಮಸೀದಿಯ ಮೆಟ್ಟಿಲು, ಎಲ್ಲ ಕಡೆಯೂ ಹಾಗೆಯೇ, ಬಜಾರಿನಲ್ಲಿ ಟಾಂಗಾ ಬಂದರೆ ಪಕ್ಕಕ್ಕೆ ಸರಿಯುವುದನ್ನೂ ಇವಳೇ ಕಲಿಸಿದಳು.

ಪಕ್ಕಕ್ಕೆ ಸರಿಯುವುದು — ಯಾ ಅಲ್ಲಾ, ಎದುರಿಗೆ ಜೋಳದ ಕಣಿಕೆ ಹೇರಿದ ಬಂಡಿ, ದಾರಿ ತುಂಬ ಬರುತ್ತಿದೆ, ಭೂರಾ ಸರಿಯಿತು, ಜಾಣ, ಆದರೆ ಆ ಕಡೆಗಲ್ಲ, ಆ ಕಡೆ ಬಾವಿ, ಅದೇ ಬಾವಿ, ಮಳೆಗೆ ಕಟ್ಟೆ ಕುಸಿದು ನೆಲಕ್ಕೆ ಸಮನಾಗಿ ಬಾಯಿ ತೆರೆದು ಕೂತಿದೆ, ಎತ್ತರದ ಕಲ್ಲಿಲ್ಲ, ಏನೂ ಇಲ್ಲ, ಹುಲ್ಲು, ಒಂದು ಚಪ್ಪಡಿ, ಆಮೇಲೆ ಕತ್ತಲು. ಕೂಗಲೇ? ಕೂಗಿದರೆ ಭೂರಾ ಇವಳತ್ತ ತಿರುಗುತ್ತದೆ, ಪಂಡರಿಯ ಹೆಜ್ಜೆ ಮುಂದಕ್ಕೆ, ಕೂಗದಿದ್ದರೆ — ಉಸಿರು ಬಿಡಬ್ಯಾಡ್ರಿ ಅಕ್ಕಾ, ಕುರಿ ಆಗ್ರಿ — ಸೆರಗು ಹಲ್ಲಿಗೆ ಸಿಕ್ಕಿ ಹರಿಯಿತು, ಓಡಿದರೂ ಮುಟ್ಟುವುದಿಲ್ಲ, ಇನ್ನೊಂದು ಹೆಜ್ಜೆ, ಎತ್ತರದ ಹೊಸ್ತಿಲು ಕಲಿತ ನಾಯಿಗೆ ನೆಲದ ಹೊಸ್ತಿಲು ಹೇಗೆ ತಿಳಿಯಬೇಕು, ನಾನೇ ಕೊಂದೆ, ಬದುಕಿಸಿದವನನ್ನು ನಾನೇ ಕೈಯಾರೆ — ನಿಂತಿತು. ಚಪ್ಪಡಿಯ ಅಂಚಿಗೆ ಮುಂಗಾಲೆರಡು, ಒಂದು ಕೆಂಚು, ಒಂದು ಬಿಳಿ. ನಡಿ ಮಗನ, ಯಾಕ ನಿಂತಿ, ಪಂಡರಿ ಹಗ್ಗ ಜಗ್ಗಿದ, ಭೂರಾ ಕದಲಲಿಲ್ಲ, ಮತ್ತೆ ಜಗ್ಗಿದ, ಅದು ತಿರುಗಿ ಅವನ ಪಾದಗಳ ಮೇಲೆ ಅಡ್ಡ ಮಲಗಿಬಿಟ್ಟಿತು. ಅವನು ಕೋಲು ಚಾಚಿದ, ಕೋಲಿಗೆ ನೆಲ ಸಿಗಲಿಲ್ಲ. ಬಂಡಿ ದಾಟಿ ಹೋಯಿತು, ಪಂಡರಿ ಮೆಲ್ಲಗೆ ಕುಕ್ಕರಗಾಲಲ್ಲಿ ಕುಳಿತು ನಾಯಿಯ ಕಿವಿ ಸವರುತ್ತಾ, ಅಕ್ಕಾ ಇಲ್ಲೇ ಇದ್ದೀರೇನ್ರಿ ಎಂದ, ಇವಳು ಹರಿದ ಸೆರಗನ್ನು ಮತ್ತೆ ಬಾಯಿಗೆ ತುರುಕಿಕೊಂಡಳು.

ಅಲ್ಲಿಂದ ಮನೆಯವರೆಗೆ ನಡೆದದ್ದು ಅವಳಿಗೆ ನೆನಪಿಲ್ಲ, ಧೂಳಮ್ಮ ಬಾಗಿಲಲ್ಲಿ ಅಳುತ್ತಾ ನಿಂತಿದ್ದಾಳೆ, ಕುರಿ ಮಾರೂದಿಲ್ಲ, ಯಾರಪ್ಪ ಬಂದು ಕೇಳಿದ್ರೂ ಮಾರೂದಿಲ್ಲ ಎನ್ನುತ್ತಿದ್ದಾಳೆ, ಪಂಡರಿ ಒಳಗೆ ದಾಟಿದ, ಹಗ್ಗ ಬಿಗಿಯಾಯಿತು, ಭೂರಾ ಹೊಸ್ತಿಲ ಹೊರಗೇ ನಿಂತಿದೆ. ಒಳಗ ಬಾರೋ, ನಿಂದೇ ಮನಿ, ಪಂಡರಿ ಕರೆಯುತ್ತಾನೆ, ಅದು ಕತ್ತು ಹೊರಳಿಸಿ ಇವಳನ್ನೇ ನೋಡುತ್ತದೆ. ಆಪಾ, ನಿಮ್ಮ ಮಾತಿಲ್ಲದ ಬರೂದಿಲ್ಲದು, ನೀವೇ ಹೇಳ್ರಿ, ಧೂಳಮ್ಮ ಎನ್ನುತ್ತಾಳೆ. ಈಗ ಬಾಯಿ ಬಿಡಬಹುದು, ಈಗ ಬಿಡಲೇಬೇಕು, ಅದಕ್ಕೆಂದೂ ಹೇಳದ ಮಾತು, ಚಳಿಯ ಮುಂಜಾವುಗಳಲ್ಲಿ ನಾಲಿಗೆಯ ತುದಿಗೆ ಬಂದು ನುಂಗಿಕೊಂಡ ಮಾತು, ತನ್ನ ಮನೆಯಲ್ಲಿ ಹೇಳಲಾಗದ್ದನ್ನು ಇನ್ನೊಬ್ಬರ ಮನೆಗೆ ಹೇಳಬೇಕು, ಅಬ್ದುಲ್ ಕರೀಂ ಹೋಗುವಾಗಲೂ ತಾನು ಅವನಿಗೆ ಏನೂ ಹೇಳಲಿಲ್ಲ, ಇದಕ್ಕಾದರೂ ಹೇಳು, ಹೇಳೇ ಮಾರಾಯ್ತಿ — ಅಂದರ್ ಜಾ, ಬೇಟಾ, ಅಂದರ್. ಬಿಳಿ ಕಾಲು ಮೇಲೆದ್ದಿತು, ಹೊಸ್ತಿಲು ದಾಟಿತು, ಕೆಂಚು ಕಾಲು ಕಲ್ಲಿನ ಅಂಚಿನಲ್ಲೇ, ಕಣ್ಣು ಇವಳ ಮೇಲೆಯೇ, ಬಿಳಿ ಕಾಲು ಒಳಗೆ, ಕೆಂಚು ಕಾಲು ಹೊರಗೆ, ಬಿಳಿ ಒಳಗೆ, ಕೆಂಚು ಹೊರಗೆ, ಕೆಂಚು —