ಗೂಳಿರಾಯ ಮಣ್ಣಿಗೆ ಬಂದದ್ದು

ನಮ್ಮ ಕೋಟೆ ಬಿದ್ದದ್ದು ಒಂದು ಭಾನುವಾರ ಮಧ್ಯಾಹ್ನ, ಮದ್ದೂರಿನಲ್ಲಿ, ಶಶಿಧರನ ಮೋಟರ್ ರಿವೈಂಡಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ. ಕೆಳಗೆ ಸುಟ್ಟ ಪಂಪುಸೆಟ್ಟುಗಳು ಬಾಯಿ ಬಿಟ್ಟುಕೊಂಡು ಬಿದ್ದಿದ್ದವು, ಮೇಲೆ ನಮ್ಮ ಜನ ಹೊಟ್ಟೆ ಬಗೆಸಿಕೊಂಡು ಬಿದ್ದಿದ್ದರು. ನಗಬೇಡಿ. ಮೂರು ವರ್ಷ ಆಡಿದ ಆಟ ಅದು.

ಆಟ ಅಂದರೆ ಮೊಬೈಲಿನದ್ದಲ್ಲ. ಒಬ್ಬ ಕಥೆ ಹೇಳುತ್ತಾನೆ. ಮಿಕ್ಕವರು ಆ ಕಥೆಯೊಳಗೆ ಒಂದೊಂದು ಪಾತ್ರ ಹಿಡಿದು, ನಾನು ಹೀಗೆ ಮಾಡುತ್ತೇನೆ, ಹಾಗೆ ಮಾಡುತ್ತೇನೆ ಅನ್ನುತ್ತಾರೆ. ಮಾಡಲು ಹೊರಟದ್ದು ಆಯಿತೋ ಕೆಟ್ಟಿತೋ ಅನ್ನುವುದನ್ನು ಇಪ್ಪತ್ತು ಮುಖದ ದಾಳ ಹೇಳುತ್ತದೆ: ಹೆಚ್ಚು ಬಿದ್ದರೆ ಆಯಿತು, ಕಡಿಮೆ ಬಿದ್ದರೆ ಕೆಟ್ಟಿತು. ಕಥೆ ಹೇಳುವವನು ಶಶಿಧರ. ಶತ್ರು, ಬಿಸಿಲು, ರೋಗ, ಸಾವು ಎಲ್ಲ ಅವನ ಕೈಲಿ. ಸ್ವರೂಪ ಮಂಡ್ಯದಲ್ಲಿ ಕಾರು ಮಾರುತ್ತಾನೆ. ಆಟದಲ್ಲಿ ಅವನು ನಮ್ಮ ಸೇನಾಪತಿ ಸಿಡಿಲಪ್ಪ. ವಂಶಿ ಮಳವಳ್ಳಿಯಲ್ಲಿ ಗಣಿತದ ಮೇಷ್ಟ್ರು, ಪುರೋಹಿತರ ಮನೆಯವನು, ಮೊಟ್ಟೆ ಕಂಡರೆ ಮೂಗು ಮುಚ್ಚುತ್ತಾನೆ. ಆಟದಲ್ಲಿ ಮಾತ್ರ ಅವನು ಬೂದಿಸ್ವಾಮಿ ಎಂಬ ಮಾಟಗಾರ, ಶತ್ರುವಿನ ರಕ್ತವನ್ನು ಮೈಯೊಳಗೇ ಕುದಿಸಿ ಕೊಲ್ಲುವವನು. ನಾನು ರೂಪ, ವಂಶಿಯ ಶಾಲೆಯಲ್ಲೇ ಪಿ.ಟಿ. ಟೀಚರು. ನಾನು ಸೀಟಿ ಊದಿದರೆ ರಸ್ತೆಯಲ್ಲಿ ಹೋಗುವ ಬಸ್ಸೂ ನಿಲ್ಲುತ್ತದೆ ಅಂತ ಮಕ್ಕಳು ಆಡಿಕೊಳ್ಳುತ್ತಾರೆ. ಆಟದಲ್ಲಿ ನಾನು ಚೆನ್ನಿ, ಕೋಟೆಬಾಗಿಲು ಕಾಯುವವಳು. ನಾಲ್ವರೂ ಮಂಡ್ಯದ ಕಾಲೇಜಿನಲ್ಲಿ ಒಂದೇ ಬೆಂಚಿನವರು, ಹಾಗಾಗಿ ಮರ್ಯಾದೆ ಗಿರ್ಯಾದೆ ನಮ್ಮ ನಡುವೆ ಇಲ್ಲ.

ಶತ್ರುಗಳು ಕೊಂಬಿನವರು. ಮೈ ಮನುಷ್ಯರದು, ತಲೆ ಹೋರಿಯದು. ಅವರ ಅರಸ ಗೂಳಿರಾಯ. ಅವರು ಕೋಟೆ ಸುತ್ತಿಕೊಂಡು ಕೂತಿದ್ದಾಗ ಸ್ವರೂಪನಿಗೆ ತಡೆಯಲಾಗಲಿಲ್ಲ.

"ಬಾಗ್ಲು ತಗಿ ರೂಪ. ಒಳಗೆ ಕುಂತು ಸಾಯದಿಕ್ಕಿಂತ ನುಗ್ಗಿ ಒಡಿಯಣ," ಅಂದ.

"ತಗಿಯಾಕಿಲ್ಲ. ಕಾಳು ಅದೆ, ನೀರದೆ. ಸುಮ್ಕಿರು," ಅಂದೆ.

"ಸೇನಾಪತಿ ನಾನು ಕಣಮ್ಮ!"

ಸೇನಾಪತಿ ಹೇಳಿದ ಮೇಲೆ ಬಾಗಿಲವಳು ಏನು ಮಾಡುತ್ತಾಳೆ? ತೆಗೆದೆ. ಸ್ವರೂಪ ದಾಳ ಹಾಕಿದ, ಒಂದು ಬಿತ್ತು. ವಂಶಿ ಹಾಕಿದ, ಮೂರು. ಶಶಿಧರ ಕಥೆ ಹೇಳುವಾಗ ಕರುಣೆ ಇಲ್ಲದವನು. ನಮ್ಮ ಮೊದಲ ಸಾಲು ಹಾಗೇ ಕೊಂಬಿಗೆ ಸಿಕ್ಕಿತು. ಕರುಳು ಕೊಂಬಿಗೆ ಸುತ್ತಿಕೊಂಡರೂ ಬಿಡದೆ ಅವರು ಎರಡನೇ ಸಾಲಿಗೆ ನುಗ್ಗಿದರು. ಬಿದ್ದವರ ಎದೆಯ ಮೇಲೆ ಕಾಲಿಟ್ಟು ಹೋದರು, ಪಕ್ಕೆಲುಬು ಮುರಿಯುವುದು ಕೋಟೆಯ ಮೇಲಿದ್ದವರಿಗೂ ಕೇಳಿಸಿತು. ಬೂದಿಸ್ವಾಮಿ ಹತ್ತಾರು ಕೊಂಬಿನವರ ರಕ್ತ ಕುದಿಸಿದ. ಅವರು ಮೂಗು ಕಿವಿಯಲ್ಲಿ ಹೊಗೆ ಬಿಟ್ಟುಕೊಂಡು ನಮ್ಮವರ ಮೇಲೆಯೇ ಬಿದ್ದು ಸತ್ತರು. ನಾನು ಬಾಗಿಲು ಮುಚ್ಚಲು ಹೋದೆ. ಹೆಣಗಳು ಅಡ್ಡ ಬಿದ್ದು ಬಾಗಿಲು ಮುಚ್ಚಲಿಲ್ಲ.

ಆ ಬಾಗಿಲಲ್ಲಿ ನನ್ನ ತಮ್ಮ ಇದ್ದ. ಚೆನ್ನಿಯ ತಮ್ಮ ಮುದ್ದ. ಆಟ ಶುರುವಾದ ದಿನ ಶಶಿಧರನೇ ನನಗೆ ಜೊತೆಗಿರಲಿ ಅಂತ ಕೊಟ್ಟ ಪಾತ್ರ. ಬರೀ ತಿಂಡಿಪೋತ, ಬಾಯಿ ಬಡುಕ, ನಾನು ಬೈದರೆ ಹಲ್ಲು ಕಿರಿಯುವವನು. ಇಲ್ಲದ ಹುಡುಗ ಅಂತ ನಿಮಗೆ ಅನ್ನಿಸಬಹುದು, ನನಗೆ ಹಾಗೆ ಯಾವತ್ತೂ ಅನ್ನಿಸಲಿಲ್ಲ. ಗೂಳಿರಾಯ ಅವನ ಹೊಟ್ಟೆಗೆ ಕೊಂಬು ಹಾಕಿದ. ಅದು ಬೆನ್ನಲ್ಲಿ ಬಂತು. ಗೂಳಿರಾಯ ತಲೆ ಕೊಡವಿದ. ಮುದ್ದ ಎರಡು ಸಲ ಬಾಗಿಲಿಗೆ ಬಡಿದು ಕೆಳಗೆ ಬಿದ್ದ. ನಾನು ಕಾಫಿ ಲೋಟ ಕೆಳಗಿಟ್ಟು ಕಿಟಕಿಯ ಕಡೆ ತಿರುಗಿ ಕೂತೆ, ಅಳುವುದನ್ನು ಈ ಗಂಡಸರು ನೋಡಬಾರದು ಅಂತ.

ಕೋಟೆ ಹೋಯಿತು. ಬದುಕಿದ ಮುನ್ನೂರು ಜನಕ್ಕೆ ಬೇಡಿ ಬಿತ್ತು. ನಾವು ಮೂವರು ಮಾತ್ರ ಕಬ್ಬಿನ ಗದ್ದೆಯೊಳಗೆ ನುಸುಳಿ ತಪ್ಪಿಸಿಕೊಂಡೆವು. ಗೂಳಿರಾಯ ಡಂಗುರ ಹೊಡೆಸಿದ: ಸತ್ತವರನ್ನು ಯಾರೂ ಮುಟ್ಟಕೂಡದು, ನಾಯಿ ನರಿ ತಿನ್ನಲಿ, ಮುಟ್ಟಿದವರ ಕೈ ಕಡಿಯಲಾಗುವುದು.

"ಯುದ್ಧ ಮುಗೀತು, ಸೋತ್ರಿ," ಅಂದ ಶಶಿಧರ. "ಈಗ ಏನ್ ಮಾಡೀರಿ ಯೋಳ್ರಿ."

"ಸೋತಿಲ್ಲ ಕಣ್ಲಾ. ಒಂದ್ ದಾಳ ಕೆಟ್ಟು ಬಿತ್ತು. ತಿರ್ಗ ಆಡಣ," ಅಂದ ಸ್ವರೂಪ.

"ತಿರ್ಗ ಆಡಾಕೆ ಇದೇನು ಲಗೋರಿಯಾ? ಸೋತಿದ್ದು ಸೋತಂಗೆ."

ವಂಶಿ ಕಾಡಿಗೆ ಓಡೋಣ ಅಂದ. ಸ್ವರೂಪ ಅವನ ಮೇಲೂ ಹರಿಹಾಯ್ದ. ಮುನ್ನೂರು ಜನರನ್ನು ಬೇಡಿಯಲ್ಲಿ ಬಿಟ್ಟು ಓಡಿದರೆ ಸಿಡಿಲಪ್ಪ ಮೀಸೆ ಬೋಳಿಸಬೇಕಾಗುತ್ತದೆ ಅಂದ. ಅವನ ಸಂಕಟ ಸುಳ್ಳಲ್ಲ. ಬಾಗಿಲು ತೆಗೆಸಿದ್ದು ಅವನೇ ಅಲ್ಲವೇ? ಆದರೆ ನನಗೆ ಆ ಹೊತ್ತಿಗೆ ಗೆಲುವು ಬೇಕಿರಲಿಲ್ಲ. ನನ್ನ ತಮ್ಮ ಬಾಗಿಲಲ್ಲಿ ಬಿದ್ದಿದ್ದ, ನಾಯಿಗಳು ಬಂದಿದ್ದವು.

"ನಾನು ಮುದ್ದನ್ನ ಮಣ್ಣು ಮಾಡ್ತೀನಿ," ಅಂದೆ.

"ಕೈ ಕಡೀತಾರೆ," ಅಂದ ಶಶಿಧರ.

"ಕದ್ದು ಮಾಡಾಕಿಲ್ಲ. ಅಗಲೊತ್ತಲ್ಲೇ ಓಯ್ತೀನಿ. ಗುದ್ದಲಿ ಎಗಲ ಮ್ಯಾಲಿಟ್ಕಂಡು ನೆಟ್ಟಗೆ ಗೂಳಿರಾಯನ ಬಾಗ್ಲಿಗೆ. ಯೋಳ್ತೀನಿ, ನನ್ ತಮ್ಮ ತೀರೋದ. ಮಣ್ಣು ಮೂರ್ ಗಂಟೆಗೆ. ಬಂದೋಗಿ."

ಶಶಿಧರ ಅಲ್ಲಿಗೆ ಸಿಕ್ಕಿಬಿದ್ದ.

ನಮ್ಮ ಕಡೆ ಬದುವಿನ ಜಗಳಕ್ಕೆ ಮಚ್ಚು ಹಿಡಿದವರೂ, ಕೋರ್ಟಿನ ಮೆಟ್ಟಿಲಲ್ಲಿ ಮುಖ ತಿರುಗಿಸಿ ನಿಲ್ಲುವವರೂ, ಸಾವಿನ ಸುದ್ದಿ ಮುಟ್ಟಿಸಿದರೆ ಬರುತ್ತಾರೆ. ಹೆಗಲಿಗೆ ಟವಲ್ ಹಾಕಿಕೊಂಡು ಬಂದು, ಯಾರನ್ನೂ ಮಾತಾಡಿಸದೆ ಒಂದು ಹಿಡಿ ಮಣ್ಣು ಹಾಕಿ ಹೋಗುತ್ತಾರೆ. ಬರದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ಆ ಮಾತು ಹೋಗುವುದಿಲ್ಲ: ಮಣ್ಣಿಗೂ ಬರಲಿಲ್ಲ ನನ್ಮಗ. ಶಶಿಧರನೂ ಇದೇ ನೀರು ಕುಡಿದು ಬೆಳೆದವನು. ಕೊಂಬಿನ ಅರಸನಾದರೇನು, ಅವನ ಬಾಯಲ್ಲಿ ಮಾತಾಡುವವನು ಮದ್ದೂರಿನವನು.

"ಬತ್ತಾನೆ," ಅಂದ ಕೊನೆಗೆ, ತನಗೇ ಸಿಟ್ಟು ಬಂದವನ ಹಾಗೆ.

"ಸುಡೋದಲ್ವೇನೇ? ಹೂಳೋದಾ?" ಅಂತ ವಂಶಿ ಕೇಳಿದ.

"ನಿಮ್ಮೋರನ್ನ ಸುಡ್ಕೊಳಪ್ಪ, ನಮ್ಮೋನ್ನ ನಮಗೆ ಬುಡು," ಅಂದೆ.

"ಸಿಡಿಲಪ್ಪನೂ ಬತ್ತಾನೆ. ತಲೆಗೆ ಟವಲ್ ಸುತ್ಕಂಡು, ಯಾರ್ಗೂ ಗುರುತು ಸಿಗ್ದಂಗೆ," ಅಂದ ಸ್ವರೂಪ. ಆ ಮಾತಿಗೆ ನನಗೆ ಖುಷಿಯಾಯಿತು. ಎಷ್ಟಾದರೂ ಜೊತೆಯವನು, ಬಂದೇ ಬರುತ್ತಾನೆ ಅಂದುಕೊಂಡೆ.

ಗೂಳಿರಾಯನಿಗೆ ಸುದ್ದಿ ಮುಟ್ಟಿಸಿ ಬಂದೆ. ನಾನೂ ಬೂದಿಸ್ವಾಮಿಯೂ ಗುಂಡಿ ತೋಡಿದೆವು. ನಾಯಿಗಳನ್ನು ಹೊಡೆದೋಡಿಸಿ ಮುದ್ದನನ್ನು ಎತ್ತಿ ತಂದೆವು. ಒಂದು ಕೆನ್ನೆ ಇರಲಿಲ್ಲ. ಶಶಿಧರ ಅದನ್ನು ಹೇಳದೆ ಬಿಡಬಹುದಿತ್ತು, ಬಿಡಲಿಲ್ಲ. ಬಟ್ಟೆ ಮುಚ್ಚಿ ಇಳಿಸಿದೆ. ಸಿಡಿಲಪ್ಪ ಟವಲ್ ಸುತ್ತಿಕೊಂಡು ಬಂದು ಗುಂಡಿಯ ಪಕ್ಕ ನಿಂತ. ಹೊತ್ತಿಗೆ ಸರಿಯಾಗಿ ಗೂಳಿರಾಯನೂ ಬಂದ. ಕತ್ತಿ ಇಲ್ಲ, ಕಾವಲಿಲ್ಲ, ಕಾಲಲ್ಲಿ ಎಕ್ಕಡವೂ ಇಲ್ಲ. ಕೊಂಬಿನಲ್ಲಿ ಮುದ್ದನ ರಕ್ತ ಕರಿಯ ಚಕ್ಕೆ ಕಟ್ಟಿತ್ತು. ಯಾರನ್ನೂ ಮಾತಾಡಿಸಲಿಲ್ಲ. ಗುಂಡಿಯ ಅಂಚಿಗೆ ಬಂದು, ಬಗ್ಗಿ, ಹಿಡಿ ಮಣ್ಣು ತೆಗೆದುಕೊಂಡ.

"ಕತ್ತಿ ಆಕ್ತೀನಿ," ಅಂದ ಸ್ವರೂಪ.

ಯಾರಿಗೂ ಮೊದಲು ಅರ್ಥವಾಗಲಿಲ್ಲ.

"ಪಂಚೆ ಒಳಗೆ ಕತ್ತಿ ಅದೆ. ಬಗ್ಗವ್ನೆ. ಕುತ್ಗೆ ಬಯಲಾಗದೆ. ಆಕ್ತೀನಿ," ಅಂದು ದಾಳ ಕೈಗೆ ತಗೊಂಡ.

"ಲೇ ಸ್ವರೂಪ, ಮಣ್ಣಿಗೆ ಬಂದೋನು ಕಣ್ಲಾ ಅವ್ನು!" ಅಂದೆ. "ನಾನ್ ಕರ್ದು ಬಂದೋನು!"

"ಅದ್ಕೇ ಅಲ್ವಾ ಸಿಕ್ಕಿರದು! ಅರಸ ಸತ್ರೆ ಅವ್ರ ದಂಡು ಚದ್ರೋಯ್ತದೆ. ಮುನ್ನೂರ್ ಜನದ ಬೇಡಿ ಬಿಚ್ತದೆ. ನಿನ್ ಸತ್ತ ತಮ್ಮನ ಮರ್ಯಾದೆ ದೊಡ್ಡದೋ, ಬದುಕಿರೋ ಮುನ್ನೂರ್ ಜೀವ ದೊಡ್ಡದೋ?"

ಅವನು ಹೇಳಿದ್ದರಲ್ಲಿ ನ್ಯಾಯವಿತ್ತು. ಅದೇ ನನಗೆ ಇವತ್ತಿಗೂ ಉರಿಯುವುದು. ಆದರೆ ಗುಂಡಿಯಲ್ಲಿದ್ದ ಮುದ್ದನನ್ನು ಇವನು ಎರೆಹುಳು ಮಾಡಿ ಗಾಳಕ್ಕೆ ಸಿಕ್ಕಿಸಿದ್ದ. ನನ್ನ ಬಾಯಿಂದ ಹೋದ ಸಾವಿನ ಸುದ್ದಿಯನ್ನು ಬಲೆ ಮಾಡಿದ್ದ. ಇನ್ನು ಮೇಲೆ ಆ ಲೋಕದಲ್ಲಿ ಸತ್ತವರ ಹೆಸರು ಹೇಳಿ ಯಾರು ಯಾರನ್ನು ಕರೆಯುತ್ತಾರೆ, ಕರೆದರೆ ಯಾರು ಬರುತ್ತಾರೆ?

"ಗುದ್ದಲಿ ಬೀಸ್ತೀನಿ," ಅಂದೆ.

"ಯಾರ್ ಮ್ಯಾಕೆ?" ಶಶಿಧರನ ದನಿ ಸಣ್ಣಗಾಗಿತ್ತು.

"ಸಿಡಿಲಪ್ಪನ ಮ್ಯಾಕೆ."

ಇಬ್ಬರೂ ದಾಳ ಹಾಕಿದೆವು. ಅವನದು ಒಳ್ಳೆಯ ದಾಳವೇ. ನನ್ನದು ಇನ್ನೂ ಒಳ್ಳೆಯದು. ಗುದ್ದಲಿ ಕಿವಿಯ ಕೆಳಗೆ ಹೊಕ್ಕು ಗಂಟಲವರೆಗೆ ಹೋಯಿತು. ಸಿಡಿಲಪ್ಪ ಕತ್ತಿ ಬಿಟ್ಟು ಗುದ್ದಲಿಯ ಹಿಡಿಯನ್ನು ಎರಡೂ ಕೈಲಿ ಹಿಡಿದುಕೊಂಡ. ನನ್ನ ಮುಖ ನೋಡಿಕೊಂಡೇ ಮೊಣಕಾಲೂರಿದ. ಕೀಳಲು ಹೋದರೆ ಗುದ್ದಲಿ ಬರಲಿಲ್ಲ. ಕಾಲು ಕೊಟ್ಟು ಕೀಳಬೇಕಾಯಿತು. ರಕ್ತ ಚಿಮ್ಮಿ ಗೂಳಿರಾಯನ ಬೆನ್ನ ಮೇಲೆ ಬಿತ್ತು.

ಆಮೇಲೆ ಆದದ್ದು ಆಟದ್ದಲ್ಲ. ಸ್ವರೂಪ ಮೇಜು ಒದ್ದ. ಕಾಫಿ, ದಾಳ, ಕೋಟೆ ಬರೆದ ಹಾಳೆ ಎಲ್ಲ ಹಾರಿಹೋಯಿತು. "ಮೂರ್ ವರ್ಸ! ಮೂರ್ ವರ್ಸ ಆಡಿ ಗೆಲ್ಲಂಗಿತ್ತಲ್ಲೇ!" ಅಂತ ನನ್ನ ಭುಜ ಹಿಡಿದು ಗೋಡೆಗೆ ತಳ್ಳಿದ. ತಲೆ ಗೋಡೆಗೆ ಬಡಿಯಿತು. ನನಗೂ ಕೈ ಇದೆ. ಬಾಯಿಗೆ ಒಂದು ಕೊಟ್ಟೆ, ತುಟಿ ಒಡೆಯಿತು. ಬಿಡಿಸಲು ಬಂದ ವಂಶಿಗೆ ಸ್ವರೂಪನ ಮೊಣಕೈ ತಾಗಿ ಮೂಗಿನಲ್ಲಿ ರಕ್ತ ಬಂತು. ಊರವರ ರಕ್ತ ಕುದಿಸುವ ಮಹಾನುಭಾವ ತನ್ನದನ್ನು ಕಂಡು ನೆಲದ ಮೇಲೆ ಕೂತುಬಿಟ್ಟ. ಶಶಿಧರ ಇಬ್ಬರ ನಡುವೆ ನುಗ್ಗಿದ, ಅವನಿಗೂ ಬಿತ್ತು, ಅವನೂ ಕೊಟ್ಟ.

"ಏನ್ರಲಾ ಅದು, ಮನೆ ಬೀಳುಸ್ತೀರಾ?" ಅಂತ ಕೆಳಗಿಂದ ಶಶಿಧರನ ಅವ್ವ ಚಲುವಮ್ಮ ಕೂಗಿದರು.

ಎಲ್ಲರೂ ನಿಂತೆವು. ಸ್ವರೂಪ ಬಾಗಿಲ ಹತ್ತಿರ ಹೋಗಿ ಶೂ ಹಾಕಿಕೊಳ್ಳತೊಡಗಿದ. ಒಂದು ಲೇಸು ಕಟ್ಟಿ ಇನ್ನೊಂದಕ್ಕೆ ಕೈ ಹಾಕಿದ. ಹೋದರೆ ಇವನು ಇನ್ನು ಬರುವುದಿಲ್ಲ ಅಂತ ನನಗೆ ಗೊತ್ತಿತ್ತು. ಕರೆಯಲು ನನಗೆ ಹಕ್ಕಿರಲಿಲ್ಲ. ಕೊಂದವಳು ನಾನು.

ಶಶಿಧರ ಮೇಜು ಎತ್ತಿ ನಿಲ್ಲಿಸಿದ. ಉಸಿರು ಎಳೆದುಕೊಂಡು, ಯಾರ ಮುಖವನ್ನೂ ನೋಡದೆ, ಕಥೆ ಮುಂದುವರಿಸಿದ. "ಗೂಳಿರಾಯ ಎದ್ದು ನಿಂತ. ಕೆಳಗೆ ಬಿದ್ದಿರೋನ್ನ ನೋಡ್ದ, ಕತ್ತಿ ನೋಡ್ದ. ಇಡಿ ಮಣ್ಣು ಇನ್ನೂ ಕೈಲದೆ. ಅದ್ನ ಮುದ್ದನ ಮ್ಯಾಕೆ ಆಕ್ದ. ಆಮೇಲೆ ಚೆನ್ನಿ ಕಡೆ ತಿರುಗಿ ಕೇಳ್ದ: ಇವನ ಮಣ್ಣು ಎಷ್ಟೊತ್ತಿಗೆ?"

ಸ್ವರೂಪನ ಕೈ ಲೇಸಿನ ಮೇಲೇ ನಿಂತಿತು. ಚೆನ್ನಿಗೆ ಕೇಳಿದ್ದಕ್ಕೆ ಉತ್ತರ ಕೊಟ್ಟವನು ಸ್ವರೂಪನೇ, ಒಡೆದ ತುಟಿಯಲ್ಲಿ, ನಮಗೆ ಬೆನ್ನು ಹಾಕಿಕೊಂಡೇ.

"ನನ್ನೋರು ಬರ್ದೆ ನನ್ನ ಮಣ್ಣು ಮಾಡಂಗಿಲ್ಲ."

"ಯಾರ್ಲಾ ನಿನ್ನೋರು?" ಅಂದ ಶಶಿಧರ.

"ಬೇಡೀಲಿ ಅವ್ರಲ್ಲ, ಮುನ್ನೂರ್ ಜನ. ಅಷ್ಟೂ ಜನಕ್ಕೆ ಸಾವು ಯೋಳ್ಬೇಕು. ಅವ್ರೂ ಮಣ್ಣಿಗೆ ಬರ್ಬೇಕು."

ಶಶಿಧರ ಮತ್ತೆ ಸಿಕ್ಕಿಬಿದ್ದ. ಹಣೆ ಉಜ್ಜಿಕೊಂಡ. ಹೇಳಿದ, "ಬೇಡಿ ಬಿಚ್ಚುಸ್ತಾನೆ. ಆದ್ರೆ ಒಂದ್ ಮಾತು ಕೇಳ್ತಾನೆ. ಮಣ್ಣಾದ್ ಮ್ಯಾಲೆ ಅಷ್ಟೂ ಜನ ತಿರ್ಗ ಬಂದು ಬೇಡಿ ಆಕುಸ್ಕಬೇಕು. ಯಾರ್ ಮಾತು ಕೊಟ್ಟೀರಿ?"

ಸ್ವರೂಪ ಈಗ ತಿರುಗಿ ನನ್ನನ್ನು ನೋಡಿದ. ಓಡಿಸಿಬಿಡು, ಕಬ್ಬಿನ ಗದ್ದೆ ಹತ್ತಿರದಲ್ಲೇ ಇದೆ ಅಂತ ಅವನು ಅನ್ನಬಹುದಿತ್ತು. ಅನ್ನಲಿಲ್ಲ. ಸತ್ತವನು ಏನು ಹೇಳಿಯಾನು?

"ನಾನ್ ಕೊಡ್ತೀನಿ," ಅಂದೆ.

ಮುನ್ನೂರು ಜನ ಬಂದರು. ಮೊದಲು ಸಿಡಿಲಪ್ಪನಿಗೆ, ಆಮೇಲೆ ಬಾಗಿಲಲ್ಲಿ ಬಿದ್ದಿದ್ದ ಒಬ್ಬೊಬ್ಬರಿಗೂ ಗುಂಡಿ ತೋಡಿದರು. ಗೂಳಿರಾಯ ಬೇಡ ಅನ್ನಲಿಲ್ಲ. ತಂದೆಯ ತಲೆ ಹುಡುಕಿ ಮೈಗೆ ಸೇರಿಸಿ ಇಟ್ಟವರಿದ್ದರು, ಮಗನನ್ನು ಸೊಂಟದ ಉಡಿದಾರದಿಂದ ಗುರುತು ಹಿಡಿದವರಿದ್ದರು. ಶಶಿಧರ ಹೇಳುತ್ತಾ ಹೋದ, ನಾವು ಕೇಳುತ್ತಾ ಅತ್ತೆವು. ಸ್ವರೂಪ ಶೂ ಬಿಚ್ಚಿ ಬಂದು ನನ್ನ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತ. ಇನ್ನು ಯಾರ ಮಣ್ಣೂ ಉಳಿಯಲಿಲ್ಲ.

"ಆಯ್ತು. ಚೆನ್ನಿ ಏನ್ ಮಾಡಾಳು?" ಅಂದ ಶಶಿಧರ.

ಮಾತು ಕೊಟ್ಟವಳು ನಾನು, ಮುನ್ನೂರು ಜನರಿಗಿಂತ ಮೊದಲು ಹೋಗಿ ನಿಂತೆ. ಬೇಡಿ ಹಿಡಿದವನ ಎದುರಿಗೆ ಎರಡೂ ಕೈ ಚಾಚಿದೆ.